ಬಾಯಿಲ್ಲದ ಪತಂಗ, ಊಟ ಬಿಟ್ಟ ಆಕ್ಟೋಪಸ್

ನಾಪೋಕ್ಲು ಸಮೀಪದ ಕಾಫಿ ತೋಟದ ಮನೆಯಿಂದ ಓದುಗರೊಬ್ಬರು ಬರೆದಿದ್ದಾರೆ: "ಕಕ್ಕಡ ಕಳೆದ ಮೇಲೆ ಮಳೆ ಎರಡು ದಿನ ಹೊಳವಾದಾಗ ನಮ್ಮ ಜಗಲಿಯ ಗೋಡೆಗೆ ಒಂದು ಗೇಣು ಅಗಲದ ಕಂದುಗೆಂಪು ಪತಂಗ ಬಂದು ಕೂತಿತು. ಎಂಟನೇ ತರಗತಿಯಲ್ಲಿ ಓದುವ ಮಗಳು ಅದಕ್ಕೆ ಸಕ್ಕರೆ ನೀರು, ಬಾಳೆಹಣ್ಣು, ಕೊನೆಗೆ ಜೇನುತುಪ್ಪವನ್ನೂ ಇಟ್ಟು ನೋಡಿದಳು. ಅದು ಯಾವುದನ್ನೂ ಮುಟ್ಟದೆ ಆರನೆಯ ದಿನ ಸತ್ತುಬಿತ್ತು. ಅದೇ ವಾರ ಅವಳು ಮೊಟ್ಟೆ ಕಾಯುತ್ತ ಊಟ ಬಿಟ್ಟು ಸಾಯುವ ಆಕ್ಟೋಪಸ್ ತಾಯಿಯ ವಿಡಿಯೊ ನೋಡಿದ್ದಾಳೆ. ಈಗ ಎರಡೂ ಒಂದೇ, ಎರಡೂ ಮಕ್ಕಳಿಗಾಗಿ ಉಪವಾಸವಿದ್ದು ಪ್ರಾಣ ಬಿಡುತ್ತವೆ ಎನ್ನುತ್ತಿದ್ದಾಳೆ. ಇದು ನಿಜವೇ? ನಮ್ಮಿಂದ ಏನಾದರೂ ತಪ್ಪಾಯಿತೇ? ಪತಂಗ ಕೂತಿದ್ದ ಜಾಗದಲ್ಲಿ ಸಾಸಿವೆಗಿಂತ ದೊಡ್ಡದಾದ ಕೆಂಪುಕಂದು ಗುಂಡುಗಳು ಅಂಟಿಕೊಂಡಿವೆ. ಅವನ್ನು ಏನು ಮಾಡಬೇಕು?"

ಮೊದಲು ಅತಿಥಿಯ ಪರಿಚಯ ಮಾಡಿಕೊಳ್ಳೋಣ. ನೀವು ಕಳಿಸಿದ ಚಿತ್ರದಲ್ಲಿ ಮುಂದಿನ ರೆಕ್ಕೆಯ ತುದಿ ಹಾವಿನ ತಲೆಯಂತೆ ಬಾಗಿದೆ, ನಾಲ್ಕೂ ರೆಕ್ಕೆಗಳ ನಡುವೆ ಗಾಜಿನ ಚೂರು ಕೂರಿಸಿದಂತೆ ಪಾರದರ್ಶಕವಾದ ತ್ರಿಕೋನಗಳಿವೆ. ಇದು ಅಟ್ಲಾಸ್ ಪತಂಗ. ಹಳೆಯ ಪುಸ್ತಕಗಳಲ್ಲಿ ನಮ್ಮ ಕಡೆಯದನ್ನೂ ಅಟ್ಟಾಕಸ್ ಅಟ್ಲಾಸ್ ಎಂದೇ ಬರೆಯುತ್ತಿದ್ದರು. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಇರುವುದನ್ನು ಈಗ ಅಟ್ಟಾಕಸ್ ಟ್ಯಾಪ್ರೊಬಾನಿಸ್ ಎಂಬ ಬೇರೆಯೇ ಜಾತಿಯಾಗಿ ಪರಿಗಣಿಸಲಾಗುತ್ತದೆ. ಟ್ಯಾಪ್ರೊಬೇನ್ ಎಂಬುದು ಗ್ರೀಕರು ಶ್ರೀಲಂಕಾವನ್ನು ಕರೆಯುತ್ತಿದ್ದ ಹೆಸರು. ನಿಮ್ಮ ಚಿತ್ರದಲ್ಲಿ ಹೊಟ್ಟೆ ದಪ್ಪಗಿದೆ, ಮೀಸೆಗಳು ಸಪೂರವಾಗಿವೆ. ಹಾಗಾಗಿ ಅದು ಹೆಣ್ಣು. ಗಂಡಿನ ಮೀಸೆ ಅಗಲವಾದ ಗರಿಯಂತೆ ಇರುತ್ತದೆ.

ನಿಮ್ಮಿಂದ ತಪ್ಪೇನೂ ಆಗಿಲ್ಲ. ಜೇನುತುಪ್ಪದ ಬದಲು ಅಮೃತವನ್ನೇ ಇಟ್ಟಿದ್ದರೂ ಆ ಪತಂಗ ಅದನ್ನು ತಿನ್ನುತ್ತಿರಲಿಲ್ಲ, ಏಕೆಂದರೆ ತಿನ್ನುವುದಕ್ಕೆ ಅದಕ್ಕೆ ಬಾಯಿಯೇ ಇರಲಿಲ್ಲ. ಆಕ್ಟೋಪಸ್ ತಾಯಿಗೆ ಬಾಯಿಯೂ ಇದೆ, ಏಡಿಯ ಚಿಪ್ಪನ್ನು ಒಡೆಯುವಂಥ ಕೊಕ್ಕೂ ಇದೆ, ಜೀರ್ಣಾಂಗವೂ ಇದೆ, ಆದರೂ ಅದು ತಿನ್ನುವುದಿಲ್ಲ. ಒಂದು ತಿನ್ನಲಾರದು, ಇನ್ನೊಂದು ತಿನ್ನಬಲ್ಲದು ಆದರೆ ಒಲ್ಲದು. ನೋಡುವವರಿಗೆ ಎರಡೂ ಉಪವಾಸವೇ, ಜೀವಶಾಸ್ತ್ರದ ಲೆಕ್ಕದಲ್ಲಿ ಮಾತ್ರ ಇವೆರಡರ ನಡುವೆ ಬಹಳ ಅಂತರವಿದೆ. ಆ ಅಂತರವನ್ನು ಹಿಡಿದುಕೊಂಡರೆ ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಪತಂಗದ ಬಾಯಿಯ ವಿಷಯವನ್ನು ನಾನು ಪುಸ್ತಕದಲ್ಲಿ ಓದಿದ್ದರೂ ಕಣ್ಣಾರೆ ಕಂಡದ್ದು ಮಡಿಕೇರಿಯ ನಮ್ಮ ಮನೆಯಲ್ಲಿ. ಹಿತ್ತಲಿನ ದಾಲ್ಚಿನ್ನಿ ಗಿಡದಲ್ಲಿ ಎಲೆ ಸುತ್ತಿಕೊಂಡು ನೇತಾಡುತ್ತಿದ್ದ ಒಂದು ಗೂಡನ್ನು ಕೊಂಬೆ ಸಮೇತ ಕತ್ತರಿಸಿ ಜಗಲಿಯಲ್ಲಿ ಕಟ್ಟಿದ್ದೆ. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಗೂಡಿನ ಬಾಯಿ ತೇವವಾಗಿ, ಒದ್ದೆ ಬಟ್ಟೆಯ ಮುದ್ದೆಯಂತಹ ಜೀವವೊಂದು ತೆವಳಿಕೊಂಡು ಹೊರಬಂತು. ಕೊಂಬೆಗೆ ಜೋತು ಬಿದ್ದು, ಹೊಟ್ಟೆಯ ದ್ರವವನ್ನು ರೆಕ್ಕೆಯ ನರಗಳಿಗೆ ಒತ್ತಿ ಒತ್ತಿ, ಮಧ್ಯಾಹ್ನದ ಹೊತ್ತಿಗೆ ಅದು ಪೂರ್ತಿ ಬಿಚ್ಚಿಕೊಂಡಿತು. ಸಂಜೆ ಭೂತಗನ್ನಡಿ ಹಿಡಿದು ಅದರ ಮುಖವನ್ನು ನೋಡಿದೆ. ದೊಡ್ಡ ಕಣ್ಣುಗಳ ಮಧ್ಯೆ ಎರಡು ಸಣ್ಣ ರೋಮದ ಗುಪ್ಪೆಗಳಿದ್ದವು. ಅವುಗಳ ನಡುವೆ, ಉಳಿದ ಪತಂಗಗಳಲ್ಲಿ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ಹೀರುನಳಿಕೆ ಇರಬೇಕಾದ ಜಾಗದಲ್ಲಿ, ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅದೇ ವಾರ ಪಪ್ಪಾಯಿ ಹೂವಿಗೆ ಮುಸ್ಸಂಜೆಯಲ್ಲಿ ಬರುತ್ತಿದ್ದ ಗಿಡುಗ ಪತಂಗವೊಂದು ತನ್ನ ದೇಹದಷ್ಟೇ ಉದ್ದದ ನಳಿಕೆಯನ್ನು ಬಿಚ್ಚಿ ಮಕರಂದ ಹೀರುವುದನ್ನು ನೋಡಿದ್ದರಿಂದ ಈ ಖಾಲಿ ಮುಖ ನನಗೆ ಇನ್ನೂ ವಿಚಿತ್ರವಾಗಿ ಕಂಡಿತು.

ಹಾಗಾದರೆ ಅದು ಹಾರುವುದು, ಸಂಗಾತಿಯನ್ನು ಕರೆಯುವುದು, ನೂರಾರು ಮೊಟ್ಟೆ ಇಡುವುದು ಯಾವ ಬಲದಿಂದ? ಹುಳುವಾಗಿದ್ದಾಗ ತಿಂದದ್ದರಿಂದ. ಇದನ್ನು ರೇಷ್ಮೆ ಬೆಳೆಯುವ ರೈತರಿಗೆ ವಿವರಿಸಬೇಕಾಗಿಲ್ಲ, ಏಕೆಂದರೆ ರೇಷ್ಮೆ ಪತಂಗವೂ ಪ್ರಾಯಕ್ಕೆ ಬಂದ ಮೇಲೆ ಏನನ್ನೂ ತಿನ್ನುವುದಿಲ್ಲ. ರೇಷ್ಮೆ ಹುಳು ನಾಲ್ಕು ಜ್ವರಗಳನ್ನು, ಅಂದರೆ ಪೊರೆ ಬಿಡುವ ಹಂತಗಳನ್ನು, ಕಳೆದು ಐದನೆಯ ಹಂತಕ್ಕೆ ಬಂದಾಗ ಹಗಲು ರಾತ್ರಿ ಸೊಪ್ಪು ಹಾಕಿದರೂ ಸಾಲದಾಗುತ್ತದೆ. ತನ್ನ ಜೀವಮಾನದ ಆಹಾರದ ಶೇಕಡಾ 80ಕ್ಕಿಂತ ಹೆಚ್ಚನ್ನು ಅದು ಆ ಒಂದೇ ಹಂತದಲ್ಲಿ ತಿನ್ನುತ್ತದೆ. ಆಮೇಲೆ ಹಣ್ಣಾಗಿ, ಗೂಡು ಕಟ್ಟಲೆಂದು ಇಟ್ಟ ಚಂದ್ರಿಕೆಯ ತಟ್ಟೆ ಏರಿ ಗೂಡು ಕಟ್ಟುತ್ತದೆ. ಅಲ್ಲಿಗೆ ಅದರ ಊಟದ ಅಧ್ಯಾಯ ಮುಗಿಯಿತು. ಅಟ್ಲಾಸ್ ಹುಳುವೂ ಹೀಗೆಯೇ. ಮೈಮೇಲೆ ಸುಣ್ಣ ಚಿಮುಕಿಸಿದಂತಹ ಬಿಳಿ ಪುಡಿ, ಮೆತ್ತಗಿನ ಮುಳ್ಳುಗಳಂಥ ಚಾಚುಗಳು, ಹತ್ತು ಸೆಂಟಿಮೀಟರ್ ದಾಟುವ ಉದ್ದ. ದಾಲ್ಚಿನ್ನಿ, ಸೀಬೆ, ಕಿತ್ತಳೆ ಜಾತಿಯ ಗಿಡಗಳ ಎಲೆಗಳನ್ನು ವಾರಗಟ್ಟಲೆ ಮೇಯ್ದು, ಕೊಬ್ಬನ್ನು ಮೈಯೊಳಗೆ ತುಂಬಿಟ್ಟುಕೊಂಡು ಗೂಡು ಸೇರುತ್ತದೆ. ಗೂಡಿನೊಳಗೆ ಎಲೆ ಕತ್ತರಿಸುತ್ತಿದ್ದ ದವಡೆಗಳು ಇಲ್ಲವಾಗುತ್ತವೆ, ಮೊಟ್ಟೆಗಳು ಸಿದ್ಧವಾಗುತ್ತವೆ. ಹೊರಬರುವ ಪತಂಗ ಇಂಧನದ ತೊಟ್ಟಿ ಮತ್ತು ಮೊಟ್ಟೆಯ ಬುಟ್ಟಿಗೆ ರೆಕ್ಕೆ ಹಚ್ಚಿದಂತಿರುತ್ತದೆ. ತೊಟ್ಟಿ ಬರಿದಾಗಲು ಒಂದು ವಾರ, ಹೆಚ್ಚೆಂದರೆ ಎರಡು ವಾರ ಸಾಕು. ನಿಮ್ಮ ಜಗಲಿಯ ಪತಂಗ ಆರು ದಿನ ಬದುಕಿತು ಎಂದರೆ ಅದು ಅಕಾಲ ಮರಣವಲ್ಲ.

ಕಾಫಿ ಬೆಳೆಗಾರರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ಡಿಸೆಂಬರಿನಿಂದ ಫೆಬ್ರುವರಿವರೆಗೆ ಹಣ್ಣು ಕುಯ್ದು ಮಾರಿದ ಹಣದಲ್ಲಿಯೇ ವರ್ಷದ ಉಳಿದ ತಿಂಗಳುಗಳ ಕೂಲಿ, ಗೊಬ್ಬರ, ಮದುವೆ, ಶಾಲೆಯ ಫೀಸು ಎಲ್ಲವೂ ನಡೆಯಬೇಕು. ದಿನಗೂಲಿಯವರದು ಬೇರೆ ಲೆಕ್ಕ, ಅಂದಿನ ದುಡಿಮೆ ಅಂದಿನ ಊಟ. ಅಟ್ಲಾಸ್ ಪತಂಗ ಗಂಟಿನ ಮೇಲೆ ಬದುಕುವ ಜೀವಿ, ಹೂವಿನಿಂದ ಹೂವಿಗೆ ಹೋಗುವ ಗಿಡುಗ ಪತಂಗ ದಿನಗೂಲಿಯ ಜೀವಿ. ಗಂಟಿನ ಮೇಲೆ ಬದುಕುವವರನ್ನು ಯಾರೂ ಉಪವಾಸ ವ್ರತದಲ್ಲಿದ್ದಾರೆ ಎನ್ನುವುದಿಲ್ಲ.

ಈಗ ಕಡಲಿಗೆ ಹೋಗೋಣ. ಸಂಪಾಜೆ ಘಾಟಿ ಹತ್ತಿ ಬರುವ ಮೀನಿನ ಗಾಡಿಗಳಲ್ಲಿ ಬೊಂಡಾಸ್ ಕಂಡವರಿಗೆ ಆಕ್ಟೋಪಸ್ಸಿನ ನೆಂಟನೊಬ್ಬನ ಪರಿಚಯವಾದಂತೆಯೇ. ನಮ್ಮ ಕರಾವಳಿಯ ಬಲೆಗಳಿಗೂ ಕೆಲವು ಆಕ್ಟೋಪಸ್ ಜಾತಿಗಳು ಬೀಳುತ್ತವೆ. ಆದರೆ ಹೆಚ್ಚು ಅಧ್ಯಯನ ನಡೆದಿರುವುದು ಮೆಡಿಟರೇನಿಯನ್ ಸಮುದ್ರ ಮತ್ತು ಪೂರ್ವ ಅಟ್ಲಾಂಟಿಕ್ಕಿನ ಸಾಮಾನ್ಯ ಆಕ್ಟೋಪಸ್, ಅಂದರೆ ಆಕ್ಟೋಪಸ್ ವಲ್ಗಾರಿಸ್ ಮೇಲೆ. ಹೋಲಿಕೆಗೆ ನಾನು ಅದನ್ನೇ ಇಟ್ಟುಕೊಳ್ಳುತ್ತೇನೆ. ಎಂಟು ತೋಳು, ಮೂರು ಹೃದಯ, ತಾಮ್ರವಿರುವ ನೀಲಿ ರಕ್ತ, ಸುಮಾರು 50 ಕೋಟಿ ನರಕೋಶಗಳು, ಅವುಗಳಲ್ಲಿ ಮೂರನೆಯ ಎರಡು ಭಾಗ ತೋಳುಗಳಲ್ಲಿಯೇ. ಇಷ್ಟೆಲ್ಲ ಬುದ್ಧಿವಂತಿಕೆಯ ಸಲಕರಣೆ ಇರುವ ಈ ಪ್ರಾಣಿಯ ಆಯುಷ್ಯ ಒಂದರಿಂದ ಎರಡು ವರ್ಷ ಮಾತ್ರ ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಆ ಆಯುಷ್ಯದ ಉದ್ದಕ್ಕೂ ಅದು ದಿನಗೂಲಿಯ ಜೀವಿಯೇ. ಏಡಿ, ಸಿಗಡಿ, ಚಿಪ್ಪುಮೀನು, ಸಿಕ್ಕರೆ ತನ್ನದೇ ಜಾತಿಯ ಸಣ್ಣ ಆಕ್ಟೋಪಸ್, ಎಲ್ಲವನ್ನೂ ಹಿಡಿದು ತಿನ್ನುತ್ತದೆ. ಹೆಣ್ಣು ಮೊಟ್ಟೆ ಇಡುವ ಕಾಲ ಬಂದಾಗ ಬಂಡೆಯ ಸಂದಿಯೊಂದನ್ನು ಸೇರಿ, ಬಾಗಿಲಿಗೆ ಕಲ್ಲುಚಿಪ್ಪುಗಳನ್ನು ಒಟ್ಟಿಕೊಂಡು, ಒಂದು ಲಕ್ಷದಿಂದ ಐದು ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಒಂದೊಂದು ಮೊಟ್ಟೆಯೂ ಎರಡು ಮಿಲಿಮೀಟರಿನ ಆಸುಪಾಸು. ಅದಕ್ಕೊಂದು ಎಳೆಯಂತಹ ತೊಟ್ಟು. ಆ ತೊಟ್ಟುಗಳನ್ನು ಹೆಣೆದು, ಮಲ್ಲಿಗೆ ಮಾಲೆ ಕಟ್ಟಿದಂತೆ ಕಟ್ಟಿ, ಸಂದಿಯ ಮಾಡಿಗೆ ತೂಗುಹಾಕುತ್ತದೆ. ಅಲ್ಲಿಂದ ಮುಂದೆ, ನೀರು ಬೆಚ್ಚಗಿದ್ದರೆ ಸುಮಾರು ಒಂದು ತಿಂಗಳು, ತಣ್ಣಗಿದ್ದರೆ ಇನ್ನೂ ಹೆಚ್ಚು ಕಾಲ, ಆ ಮಾಲೆಗಳನ್ನು ಬಿಟ್ಟು ಕದಲುವುದಿಲ್ಲ. ತೋಳಿನ ತುದಿಯ ಹೀರುಬಟ್ಟಲುಗಳಿಂದ ಮೊಟ್ಟೆಗಳನ್ನು ಸವರಿ ಪಾಚಿ, ಕೊಳೆ ತೆಗೆಯುತ್ತದೆ. ಕೊಳವೆಯಂತಹ ಅಂಗದಿಂದ ನೀರನ್ನು ಚಿಮ್ಮಿಸಿ ಹೊಸ ನೀರು ಮಾಲೆಗಳ ನಡುವೆ ಆಡುವಂತೆ ನೋಡಿಕೊಳ್ಳುತ್ತದೆ. ಏಡಿಯೊಂದು ಬಾಗಿಲವರೆಗೆ ಬಂದರೂ ಅದನ್ನು ಹಿಡಿದು ತಿನ್ನುವ ಬದಲು ದೂರ ತಳ್ಳುತ್ತದೆ. ಮರಿಗಳು ಒಡೆದು ಹೊರಬರುವ ಹೊತ್ತಿಗೆ ಅದರ ಚರ್ಮ ಬಿಳಿಚಿ, ಮಾಂಸ ಇಳಿದು, ಬೇಗನೆ ಸಾಯುತ್ತದೆ. ಮೊಟ್ಟೆಯ ಮೇಲೆ ಕೂತ ಹೆಣ್ಣು ಬೇಟೆಗೆ ಹೋಗದೆ ಸೊರಗುತ್ತದೆ ಎಂದು ಅರಿಸ್ಟಾಟಲ್ 2,300 ವರ್ಷಗಳ ಹಿಂದೆಯೇ ದಾಖಲಿಸಿದ್ದಾನೆ. ಹಾಗಾಗಿ ನಿಮ್ಮ ಮಗಳು ನೋಡಿದ ವಿಡಿಯೊದ ಮೂಲ ವಿಷಯ ಹಳೆಯದು.

ಸೊರಗುವುದು ಏಕೆ? ಮೊಟ್ಟೆ ಬಿಟ್ಟು ಹೋಗಲಾಗದ್ದರಿಂದ ಬೇಟೆ ತಪ್ಪಿತು, ಬೇಟೆ ತಪ್ಪಿದ್ದರಿಂದ ಹಸಿವಾಯಿತು, ಹಸಿದು ಸತ್ತಿತು ಎಂಬುದು ಬಹುಕಾಲ ಎಲ್ಲರೂ ನಂಬಿದ್ದ ಸರಳ ವಿವರಣೆ. 1977ರಲ್ಲಿ ಜೆರೋಮ್ ವೊಡಿನ್ಸ್ಕಿ ಎಂಬ ಅಮೆರಿಕದ ವಿಜ್ಞಾನಿ ಪ್ರಕಟಿಸಿದ ಪ್ರಯೋಗ ಇದನ್ನು ತಲೆಕೆಳಗು ಮಾಡಿತು. ಆತ ಬಳಸಿದ್ದು ಆಕ್ಟೋಪಸ್ ಹಮ್ಮೆಲಿಂಕಿ ಎಂಬ ಹತ್ತಿರದ ಜಾತಿಯನ್ನು. ಆಕ್ಟೋಪಸ್ಸಿನ ಕಣ್ಣು ಮತ್ತು ಮಿದುಳನ್ನು ಸೇರಿಸುವ ಕಾಂಡದ ಮೇಲೆ ಎರಡು ಪುಟ್ಟ ಗ್ರಂಥಿಗಳಿವೆ, ಅವುಗಳಿಗೆ ದೃಷ್ಟಿಗ್ರಂಥಿ ಎಂದು ಹೆಸರು, ನೋಟಕ್ಕೂ ಅವಕ್ಕೂ ಸಂಬಂಧವಿಲ್ಲ. ಪ್ರಾಣಿ ಪ್ರಾಯಕ್ಕೆ ಬರುವುದನ್ನು ನಿಯಂತ್ರಿಸುವುದು ಈ ಗ್ರಂಥಿಗಳೇ ಎಂಬುದು ಅದಾಗಲೇ ತಿಳಿದಿತ್ತು. ವೊಡಿನ್ಸ್ಕಿ ಮೊಟ್ಟೆ ಇಟ್ಟು ಕಾವಿಗೆ ಕೂತಿದ್ದ ಹೆಣ್ಣುಗಳಿಂದ ಎರಡೂ ಗ್ರಂಥಿಗಳನ್ನು ಶಸ್ತ್ರಕ್ರಿಯೆ ಮಾಡಿ ತೆಗೆದ. ಆ ಹೆಣ್ಣುಗಳು ಮೊಟ್ಟೆ ಕಾಯುವುದನ್ನು ಬಿಟ್ಟವು, ಮತ್ತೆ ತಿನ್ನತೊಡಗಿದವು, ಮೈ ತುಂಬಿಕೊಂಡವು, ಗ್ರಂಥಿ ಇದ್ದವುಗಳಿಗಿಂತ ಬಹಳ ಹೆಚ್ಚು ಕಾಲ ಬದುಕಿದವು.

ಈ ಫಲಿತಾಂಶದ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ಹೊಟ್ಟೆ, ಕೊಕ್ಕು, ತೋಳು, ಬೇಟೆಯ ಬುದ್ಧಿ ಎಲ್ಲವೂ ಕೊನೆಯವರೆಗೆ ಕೆಲಸಕ್ಕೆ ಸಿದ್ಧವಾಗಿಯೇ ಇದ್ದವು. ತಿನ್ನಬೇಡ ಎಂಬ ಅಪ್ಪಣೆ ಮಾತ್ರ ಗ್ರಂಥಿಯಿಂದ ಬರುತ್ತಿತ್ತು. ಅಪ್ಪಣೆ ಕೊಡುವವನನ್ನು ತೆಗೆದ ಕೂಡಲೇ ಹಸಿವು ಹಿಂತಿರುಗಿತು. ಅಟ್ಲಾಸ್ ಪತಂಗದ ಯಾವ ಗ್ರಂಥಿಯನ್ನು ತೆಗೆದರೂ ಅದಕ್ಕೆ ಬಾಯಿ ಮೂಡುವುದಿಲ್ಲ. ಪತಂಗದ ತೀರ್ಮಾನ ಗೂಡಿನೊಳಗೆ, ದೇಹದ ರಚನೆಯಲ್ಲಿಯೇ ಮುಗಿದುಹೋಗಿದೆ. ಆಕ್ಟೋಪಸ್ಸಿನ ತೀರ್ಮಾನ ಬದುಕಿನ ಕೊನೆಯ ತಿಂಗಳಿನಲ್ಲಿ ಆಗುತ್ತದೆ, ಅದೂ ತಿರುಗಿಸಬಹುದಾದ ರೀತಿಯಲ್ಲಿ. ಬಾವಿಯೇ ಇಲ್ಲದ ಮನೆಗೂ ಬಾವಿಯ ಪಂಪಿನ ಸ್ವಿಚ್ಚು ಆರಿಸಿಟ್ಟ ಮನೆಗೂ ಇರುವ ವ್ಯತ್ಯಾಸ ಇದು. ಎರಡೂ ಮನೆಗಳ ನಲ್ಲಿಯಲ್ಲಿ ನೀರು ಬಾರದು, ನಿಜ.

ಇಂಧನದಲ್ಲಿಯೂ ಇಂಥದೇ ಅಂತರವಿದೆ. ಪತಂಗ ಮುಖ್ಯವಾಗಿ ಕೊಬ್ಬನ್ನು ಉರಿಸುತ್ತದೆ. ಕೊಬ್ಬು ಕೂಡಿಡುವುದಕ್ಕೆಂದೇ ಇರುವ ಪದಾರ್ಥ, ಅದನ್ನು ಖರ್ಚು ಮಾಡಿದರೆ ದೇಹದ ಕಟ್ಟಡಕ್ಕೆ ಧಕ್ಕೆಯಿಲ್ಲ. ಆಕ್ಟೋಪಸ್ಸಿನಲ್ಲಿ ಅಂತಹ ದೊಡ್ಡ ಕೊಬ್ಬಿನ ಉಗ್ರಾಣವಿಲ್ಲ. ಅದರ ಮೈ ಬಹುಪಾಲು ಮಾಂಸಖಂಡ. ಮೊಟ್ಟೆಗೆ ಪೋಷಣೆ ಒದಗಿಸಲು, ಕಾವಿನ ಕಾಲದಲ್ಲಿ ಉಸಿರು ಹಿಡಿದಿಡಲು, ಅದು ತನ್ನ ಮಾಂಸಖಂಡದ ಪ್ರೋಟೀನನ್ನೇ ಕರಗಿಸುತ್ತದೆ. ಒಂದು ಉಗ್ರಾಣದ ಅಕ್ಕಿ ಉಣ್ಣುತ್ತದೆ, ಇನ್ನೊಂದು ಮನೆಯ ತೊಲೆ ಕಿತ್ತು ಒಲೆಗೆ ಹಾಕುತ್ತದೆ. ಸಾಯುವ ಆಕ್ಟೋಪಸ್ ಅಷ್ಟೊಂದು ಜೀರ್ಣವಾಗಿ ಕಾಣುವುದಕ್ಕೂ, ನಿಮ್ಮ ಪತಂಗ ಸತ್ತ ಮೇಲೂ ರೆಕ್ಕೆಯ ಅಂಚಿನ ಹೊರತು ಹೆಚ್ಚುಕಡಿಮೆ ಹಾಗೆಯೇ ಉಳಿದಿರುವುದಕ್ಕೂ ಇದೇ ಮುಖ್ಯ ಕಾರಣ.

ಇಲ್ಲಿಯವರೆಗೆ ವ್ಯತ್ಯಾಸಗಳನ್ನೇ ಹೇಳಿದೆ. ಒಂದು ಹೋಲಿಕೆ ಮಾತ್ರ ನಿಜವಾಗಿಯೂ ಕುತೂಹಲಕರವಾಗಿದೆ, ಮತ್ತು ಅದು ಕಣ್ಣಿಗೆ ಕಾಣುವ ಜಾಗದಲ್ಲಿಲ್ಲ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಯಾನ್ ವಾಂಗ್ ಮತ್ತು ಕ್ಲಿಫ್ಟನ್ ರಾಗ್ಸ್‌ಡೇಲ್ ಕ್ಯಾಲಿಫೋರ್ನಿಯದ ಎರಡು ಚುಕ್ಕೆಯ ಆಕ್ಟೋಪಸ್ಸಿನ ದೃಷ್ಟಿಗ್ರಂಥಿಯಲ್ಲಿ ಯಾವ ಜೀನುಗಳು ಯಾವಾಗ ಎಚ್ಚರಗೊಳ್ಳುತ್ತವೆ ಎಂಬುದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಕಾವಿಗೆ ಕೂತ ಮೇಲೆ ಕೊಲೆಸ್ಟರಾಲನ್ನು ನಿರ್ವಹಿಸುವ ಜೀನುಗಳ ಚಟುವಟಿಕೆ ಏರಿತ್ತು. 2022ರಲ್ಲಿ ಅವರು ಮತ್ತು ಸಂಗಡಿಗರು ಗ್ರಂಥಿಯಿಂದ ಹೊರಬರುವ ರಾಸಾಯನಿಕಗಳನ್ನೇ ಅಳೆದರು. ಹೆಚ್ಚಾಗಿದ್ದವುಗಳಲ್ಲಿ ಒಂದು 7-ಡಿಹೈಡ್ರೋಕೊಲೆಸ್ಟರಾಲ್. ಹೆಸರು ಉದ್ದವಾದರೂ ಪದಾರ್ಥ ಅಪರಿಚಿತವಲ್ಲ. ನಮ್ಮ ಚರ್ಮದಲ್ಲಿಯೂ ಅದಿದೆ, ಬಿಸಿಲು ತಾಗಿದಾಗ ಅದರಿಂದಲೇ ವಿಟಮಿನ್ ಡಿ ತಯಾರಾಗುತ್ತದೆ. (ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ವಾಸಿಸುವವರಿಗೆ ಈ ಕ್ರಿಯೆಯ ಮೇಲೆ ಅಷ್ಟು ಭರವಸೆ ಇಟ್ಟುಕೊಳ್ಳಲಾಗದು.) ಆದರೆ ಮನುಷ್ಯರಲ್ಲಿ ಅದು ಮಿತಿಮೀರಿ ಶೇಖರವಾಗುವ ಒಂದು ಆನುವಂಶಿಕ ಕಾಯಿಲೆಯಿದೆ, ಅದರ ಪರಿಣಾಮಗಳು ತೀವ್ರವಾದವು. ಆಕ್ಟೋಪಸ್ಸಿನ ಸಾವಿಗೆ ಇದೊಂದೇ ಕಾರಣ ಎಂದು ಹೇಳಿದರೆ ಅವಸರವಾದೀತು. ಏರಿದ ಪದಾರ್ಥಗಳಲ್ಲಿ ಬೇರೆ ಸ್ಟೀರಾಯ್ಡುಗಳೂ ಇವೆ.

ಪತಂಗಕ್ಕೂ ಇದಕ್ಕೂ ಏನು ಸಂಬಂಧ? ಹುಳು ಪೊರೆ ಬಿಡುವುದನ್ನು, ಗೂಡಿನೊಳಗೆ ರೂಪ ಬದಲಿಸುವುದನ್ನು ನಡೆಸುವ ಹಾರ್ಮೋನು ಎಕ್ಡೈಸೋನ್. ಅದೂ ಕೊಲೆಸ್ಟರಾಲಿನಿಂದ ತಯಾರಾಗುವ ಸ್ಟೀರಾಯ್ಡು. ಆ ತಯಾರಿಕೆಯ ಮೊದಲ ಮೆಟ್ಟಿಲೇ ಕೊಲೆಸ್ಟರಾಲನ್ನು 7-ಡಿಹೈಡ್ರೋಕೊಲೆಸ್ಟರಾಲ್ ಆಗಿ ಬದಲಿಸುವುದು. ಎಕ್ಡೈಸೋನನ್ನು 1954ರಲ್ಲಿ ಮೊದಲ ಬಾರಿಗೆ ಶುದ್ಧರೂಪದಲ್ಲಿ ಬೇರ್ಪಡಿಸಿದವರು ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್. ಅದಕ್ಕೆ ಅವರು ಬಳಸಿದ್ದು ಸುಮಾರು 500 ಕಿಲೋ ರೇಷ್ಮೆ ಪ್ಯೂಪಾಗಳನ್ನು, ಅಂದರೆ ಗೂಡಿನೊಳಗೆ ರೂಪ ಬದಲಿಸುತ್ತಿರುವ ಹುಳುಗಳನ್ನು, ಸಿಕ್ಕಿದ್ದು 25 ಮಿಲಿಗ್ರಾಂ. ಕೀಟಗಳಿಗೆ ಕೊಲೆಸ್ಟರಾಲನ್ನು ತಾವೇ ತಯಾರಿಸಿಕೊಳ್ಳುವ ಶಕ್ತಿಯಿಲ್ಲ, ಎಲೆಯಲ್ಲಿರುವ ಸ್ಟೀರಾಲುಗಳಿಂದ ಅದನ್ನು ಪಡೆಯಬೇಕು. ಅಂದರೆ ದಾಲ್ಚಿನ್ನಿ ಎಲೆ ಮೇಯುವ ಹುಳು, ತನ್ನ ಬಾಯಿಯನ್ನು ಇಲ್ಲವಾಗಿಸುವ ಹಾರ್ಮೋನಿಗೆ ಬೇಕಾದ ಕಚ್ಚಾವಸ್ತುವನ್ನು ಅದೇ ಬಾಯಿಂದ ತಿನ್ನುತ್ತಿರುತ್ತದೆ. ಪತಂಗ ಬದುಕಿನ ನಡುವಿನ ತಿರುವಿನಲ್ಲಿ ಬಳಸುವ ಮೆಟ್ಟಿಲು, ಆಕ್ಟೋಪಸ್ಸಿನಲ್ಲಿ ಬದುಕಿನ ಕೊನೆಯ ತಿರುವಿನಲ್ಲಿ ಏರುತ್ತದೆ.

ಇದರಿಂದ ಇವೆರಡೂ ಹತ್ತಿರದ ಸಂಬಂಧಿಗಳು ಎಂದು ತಿಳಿಯಬಾರದು. ಇವುಗಳ ಪೂರ್ವಜರು ಬೇರೆಯಾಗಿ 50 ಕೋಟಿ ವರ್ಷಗಳಿಗಿಂತ ಹೆಚ್ಚಾಯಿತು. ಕೊಲೆಸ್ಟರಾಲಿನಿಂದ ಸಂದೇಶವಾಹಕಗಳನ್ನು ಮಾಡುವುದು ಪ್ರಾಣಿಲೋಕದ ಬಹಳ ಹಳೆಯ ಕಸುಬು, ಒಂದೇ ಕಬ್ಬಿಣದಿಂದ ಒಬ್ಬ ಕಮ್ಮಾರ ಕತ್ತಿ ಮಾಡುತ್ತಾನೆ, ಇನ್ನೊಬ್ಬ ಬೀಗ ಮಾಡುತ್ತಾನೆ. ಊಟವಿಲ್ಲದ ಕೊನೆಗಾಲ ಎಂಬ ಸ್ಥಿತಿಗೆ ಅವು ಬೇರೆ ಬೇರೆ ದಾರಿಯಲ್ಲಿ ಬಂದು ಮುಟ್ಟಿವೆ.

ಇನ್ನು ತ್ಯಾಗದ ಮಾತು. ನಿಮ್ಮ ಮಗಳ ಭಾವನೆಯನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಒಂದು ಸಂಗತಿಯನ್ನು ಅವಳ ಮುಂದೆ ಇಡಬೇಕು: ಗಂಡುಗಳೂ ಸಾಯುತ್ತವೆ. ಅಟ್ಲಾಸ್ ಪತಂಗದ ಗಂಡಿಗೂ ಬಾಯಿಲ್ಲ. ಹೆಣ್ಣು ರಾತ್ರಿ ಗಾಳಿಗೆ ಬಿಟ್ಟ ವಾಸನೆಯ ಜಾಡು ಹಿಡಿದು ಬಹುದೂರದಿಂದ ಹಾರಿ ಬಂದು, ಕೂಡಿ, ಕೆಲವೇ ದಿನಗಳಲ್ಲಿ ಅದೂ ತೀರಿಹೋಗುತ್ತದೆ. ಆಕ್ಟೋಪಸ್ ಗಂಡು ಬಲಗಡೆಯ ಮೂರನೆಯ ತೋಳಿನಿಂದ ವೀರ್ಯದ ಪೊಟ್ಟಣವನ್ನು ಹೆಣ್ಣಿಗೆ ದಾಟಿಸುತ್ತದೆ, ಮೊಟ್ಟೆ ಕಾಯುವ ಯಾವ ಜವಾಬ್ದಾರಿಯೂ ಇಲ್ಲದೆ, ಕೆಲಕಾಲದಲ್ಲಿ ಅದೂ ಊಟ ಬಿಟ್ಟು, ಸೊರಗಿ ಸಾಯುತ್ತದೆ. ಕಾಯಲು ಮಕ್ಕಳೇ ಇಲ್ಲದವನ ಉಪವಾಸವನ್ನು ತಾಯ್ತನದ ತ್ಯಾಗವೆನ್ನಲಾಗದು. ಒಂದೇ ಸಲ ಸಂತಾನ ಬಿಟ್ಟು ಮುಗಿಯುವ ಬದುಕಿನ ವಿನ್ಯಾಸ ಎರಡೂ ಲಿಂಗಗಳಿಗೆ ಸೇರಿದ್ದು. ನಮ್ಮ ಬಿದಿರೂ ಒಮ್ಮೆ ಹೂಬಿಟ್ಟು, ಅಕ್ಕಿ ಉದುರಿಸಿ, ಮೆಳೆಗೆ ಮೆಳೆಯೇ ಒಣಗುವುದನ್ನು ಕೊಡಗಿನ ಹಿರಿಯರು ಕಂಡಿದ್ದಾರೆ.

ಹಾಗೆಂದು ಆಕ್ಟೋಪಸ್ ತಾಯಿಯ ಆರೈಕೆ ಸುಳ್ಳಲ್ಲ, ಅದು ಪತಂಗದಲ್ಲಿ ಇಲ್ಲದ ಗುಣ. ಎರಡರ ಮೊಟ್ಟೆಗಳ ಅಳತೆ ಹೆಚ್ಚು ಕಡಿಮೆ ಒಂದೇ, ಎರಡರಿಂದ ಮೂರು ಮಿಲಿಮೀಟರಿನ ಒಳಗೆ. ಪತಂಗ ಇಡುವುದು ಇನ್ನೂರರ ಆಸುಪಾಸು, ಆದರೂ ಅವುಗಳನ್ನು ಎಲೆಗೆ ಅಂಟಿಸಿ ಹಿಂತಿರುಗಿ ನೋಡದೆ ಹೋಗುತ್ತದೆ. ಅದಕ್ಕೆ ಕಾರಣ ನಿಷ್ಠುರತೆಯಲ್ಲ. ಗಾಳಿಯಲ್ಲಿ ಆಮ್ಲಜನಕ ಧಾರಾಳವಾಗಿದೆ, ಗಟ್ಟಿ ಚಿಪ್ಪಿನ ಸೂಕ್ಷ್ಮರಂಧ್ರಗಳಿಂದ ಮೊಟ್ಟೆ ತಾನೇ ಉಸಿರಾಡುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಒಂದು ಲೀಟರ್ ಕಡಲ ನೀರಿನಲ್ಲಿರುವುದರ 30 ಪಟ್ಟಿಗೂ ಮಿಕ್ಕಿ ಆಮ್ಲಜನಕವಿದೆ. ಸಂದಿಯೊಳಗೆ ಒತ್ತೊತ್ತಾಗಿ ತೂಗುವ ಲಕ್ಷಗಟ್ಟಲೆ ಮೆತ್ತನೆಯ ಮೊಟ್ಟೆಗಳ ನಡುವೆ ನೀರು ನಿಂತರೆ ಅವು ಉಸಿರುಗಟ್ಟಿ ಕೊಳೆಯುತ್ತವೆ. ಬೀಸಣಿಗೆ ಬೀಸುವವರೊಬ್ಬರು ಅಲ್ಲಿ ಇರಲೇಬೇಕು. ಆ ಬೀಸಣಿಗೆಯ ಕೆಲಸ ಎಷ್ಟು ದೀರ್ಘವಾಗಬಲ್ಲದು ಎಂಬುದಕ್ಕೆ ಒಂದು ಉದಾಹರಣೆಯಿದೆ: ಕ್ಯಾಲಿಫೋರ್ನಿಯದ ಮಾಂಟೆರೆ ಕಡಲಕಣಿವೆಯಲ್ಲಿ, ಸುಮಾರು 1,400 ಮೀಟರ್ ಆಳದಲ್ಲಿ, ಗ್ರಾನೆಲಿಡೋನಿ ಬೋರಿಯೋಪೆಸಿಫಿಕಾ ಎಂಬ ಆಳಕಡಲಿನ ಆಕ್ಟೋಪಸ್ಸೊಂದು ಒಂದೇ ಬಂಡೆಯ ಮೇಲೆ 2007ರಿಂದ 2011ರವರೆಗೆ 53 ತಿಂಗಳು ಮೊಟ್ಟೆ ಕಾಯ್ದದ್ದನ್ನು ವಿಜ್ಞಾನಿಗಳು ಮತ್ತೆ ಮತ್ತೆ ಹೋಗಿ ನೋಡಿ ದಾಖಲಿಸಿದ್ದಾರೆ. ಅಷ್ಟು ಸಲ ಹೋದಾಗಲೂ ಅದು ತಿನ್ನುವುದು ಅವರ ಕಣ್ಣಿಗೆ ಬೀಳಲಿಲ್ಲ. ಆ ಆಳದ ತಣ್ಣನೆಯ ನೀರಿನಲ್ಲಿ ಬದುಕಿನ ವೇಗವೇ ನಿಧಾನ.

ಮರಿ ಒಡೆದ ಮೇಲೂ ತಾಯಿ ಏಕೆ ಚೇತರಿಸಿಕೊಳ್ಳಬಾರದು ಎಂಬುದಕ್ಕೆ ಒಪ್ಪಿತವಾದ ಒಂದೇ ಉತ್ತರವಿಲ್ಲ. ತನ್ನ ಜಾತಿಯವರನ್ನೇ ತಿನ್ನುವ ಪ್ರಾಣಿ ಹಸಿದುಕೊಂಡು ಮರಿಗಳ ನಡುವೆ ಉಳಿಯುವುದಕ್ಕಿಂತ ಇಲ್ಲವಾಗುವುದೇ ಮರಿಗಳಿಗೆ ಕ್ಷೇಮ ಎಂಬುದು ಒಂದು ಊಹೆ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ, ಏಕೆಂದರೆ ಸಾಮಾನ್ಯ ಆಕ್ಟೋಪಸ್ಸಿನ ಮರಿಗಳು ಒಡೆದ ಕೂಡಲೇ ಮೇಲಿನ ನೀರಿಗೆ ತೇಲಿ ಪ್ರವಾಹದೊಂದಿಗೆ ಹೋಗಿಬಿಡುತ್ತವೆ, ತಾಯಿಯ ಕೈಗೆ ಸಿಗುವ ಹಾಗೆ ಅಲ್ಲಿ ಕೂತಿರುವುದಿಲ್ಲ.

ಇನ್ನೊಂದು ಪತಂಗ ಬಂದರೆ ಏನು ಮಾಡಬೇಕೆಂದು ಹೇಳಿ, ಕೊನೆಯ ಪ್ರಶ್ನೆಗೆ ಬರುತ್ತೇನೆ. ಊಟ ಇಡುವ ಬದಲು ಜಗಲಿಯ ದೀಪ ಆರಿಸಿ. ದೀಪದ ಸುತ್ತ ತಿರುಗುವ ಒಂದೊಂದು ಸುತ್ತೂ ಆ ತೊಟ್ಟಿಯ ಇಂಧನವೇ, ಮತ್ತು ಅದನ್ನು ತುಂಬುವ ದಾರಿ ಅದಕ್ಕಿಲ್ಲ. ಕತ್ತಲಾಗುವ ಮೊದಲು ಒಂದು ಕಡ್ಡಿಯ ಮೇಲೆ ಹತ್ತಿಸಿಕೊಂಡು ಮಳೆ ನೇರವಾಗಿ ಬೀಳದ ಗಿಡವೊಂದರ ಮೇಲೆ ಬಿಡಿ. ರೆಕ್ಕೆಯನ್ನು ಬೆರಳಿನಿಂದ ಹಿಡಿಯಬೇಡಿ, ಹಿಡಿದಲ್ಲೆಲ್ಲ ಹುರುಪೆ ಉದುರುತ್ತದೆ.

ಗೋಡೆಯ ಕೆಂಪುಕಂದು ಗುಂಡುಗಳು ಮೊಟ್ಟೆಗಳೇ. ಇದನ್ನು ನಿಮಗೆ ಫೋನಿನಲ್ಲಿ ಆಗಲೇ ತಿಳಿಸಿದ್ದೇನೆ, ಉಳಿದ ಓದುಗರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಕೂಡದ ಹೆಣ್ಣೂ ಮೊಟ್ಟೆ ಇಡುವುದುಂಟು, ಅವು ಕೆಲವು ದಿನಗಳಲ್ಲಿ ನಡುವೆ ತಗ್ಗು ಬಿದ್ದು ಒಣಗುತ್ತವೆ. ಗುಂಡಗೆ ಉಳಿದವನ್ನು ತೆಳುವಾದ ಕಾಗದದ ಅಂಚಿನಿಂದ ನಿಧಾನವಾಗಿ ಎಬ್ಬಿಸಿ, ಗಾಳಿಯಾಡುವ ಡಬ್ಬಿಯಲ್ಲಿ ಹಾಕಿ, ಇರುವೆ ಹತ್ತದ ಜಾಗದಲ್ಲಿ ಇಡಿ. ಹತ್ತು ದಿನದಿಂದ ಎರಡು ವಾರದೊಳಗೆ ಒಡೆಯಬೇಕು. ಒಡೆದ ದಿನವೇ ಔಷಧಿ ಹೊಡೆಯದ ಗಿಡದಿಂದ ದಾಲ್ಚಿನ್ನಿ ಅಥವಾ ಸೀಬೆಯ ಎಳೆಯ ಎಲೆ ತಂದು ಹಾಕಲು ಮಗಳಿಗೆ ಹೇಳಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬದಲಿಸಲಿ. ಒಂದು ಗಿಡದ ಎಲೆಗೆ ರೂಢಿಯಾದ ಹುಳು ಇನ್ನೊಂದನ್ನು ಸುಲಭವಾಗಿ ಮುಟ್ಟುವುದಿಲ್ಲ, ಹಾಗಾಗಿ ಯಾವ ಗಿಡವನ್ನು ಆರಿಸಿಕೊಳ್ಳುತ್ತೀರೋ ಅದರಲ್ಲಿ ಐದಾರು ವಾರಕ್ಕೆ ಸಾಲುವಷ್ಟು ಎಲೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಕೊನೆಯ ಎರಡು ವಾರಗಳಲ್ಲಿ ಅವು ತಿನ್ನುವುದನ್ನು ನೋಡಿದರೆ ಜೇನುತುಪ್ಪ ಇಟ್ಟು ಕಾದ ಆ ಆರು ದಿನಗಳು ಅವಳಿಗೆ ನೆನಪಾಗುತ್ತವೆ.